ಗದ್ದೆ ಮಾರಿ ಫ್ಲಾಟು: ಒಂದು ವರ್ಷದ ಲೆಕ್ಕ

ಹೋದ ವಾರ ಸಿರ್ಸಿಯ ವ್ಯಾಪಾರಿ ಅಂಗಳದಲ್ಲಿ ಮೂರು ಜನ ಬೇರೆ ಬೇರೆಯಾಗಿ ಕೇಳಿದ್ರು, "ಹೆಗಡೇರೇ, ಗದ್ದೆ ಕೊಟ್ರಂತೆ, ಹೌದಾ?" ಕೊಡಲಿಲ್ಲ. ಆದ್ರೆ ಕೊಡುವ ಹಂತಕ್ಕೆ ಬಂದಿದ್ದು ನಿಜ. ಕಾನಸೂರು, ಸಿದ್ದಾಪುರ, ಹೆಗ್ಗರಣಿ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೀತಾ ಇರೋದ್ರಿಂದ ನಾವು ಹಾಕಿದ ಲೆಕ್ಕ ಪೂರ್ತಿ ಬರೀತೇನೆ. ಉದ್ದ ಆಗ್ತದೆ. ಅಡಿಕೆ ಸುಲಿಯುವಾಗ ಮಕ್ಕಳ ಹತ್ರ ಓದಿಸಿ ಕೇಳಿ.

ಮಗ ಬೆಂಗಳೂರಲ್ಲಿ, ಕೆಂಗೇರಿ ಉಪನಗರದ ಹತ್ರ ಬಾಡಿಗೆಗಿದ್ದಾನೆ. ತಿಂಗಳಿಗೆ 22 ಸಾವಿರ. ಮೊದಲೆಲ್ಲ ಕೆಂಗೇರಿ ಅಂದ್ರೆ ಊರಾಚೆ. 2021ರ ಆಗಸ್ಟಿನಲ್ಲಿ ಮೆಟ್ರೋ ಅಲ್ಲಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೂ ಹೋಯ್ತು, ಈಗ ಅದೇ ಗಾಡಿ ಸೀದಾ ವೈಟ್‌ಫೀಲ್ಡ್ ಮುಟ್ಟುತ್ತದೆ. ಅದರ ಜೊತೆ ಜಾಗದ ರೇಟೂ ಏರಿತು. ಅವನು ನೋಡಿದ ಫ್ಲಾಟು ಇನ್ನೂ ಕಟ್ಟುತ್ತಾ ಇರುವಂಥದ್ದು. ಆಟದ ಬಯಲು, ಈಜುಕೊಳ, ಗೇಟಿಗೆ ವಾಚ್‌ಮನ್, ಮಗುವಿಗೆ ಶಾಲೆ ನಡೆದುಹೋಗುವಷ್ಟು ಹತ್ರ. ಬೆಲೆ 85 ಲಕ್ಷ.

ಅವನು ಫೋನಲ್ಲಿ ಹೇಳಿದ ಮಾತು ಇಷ್ಟೇ: "ಅಪ್ಪಯ್ಯ, ರಸ್ತೆ ಬದಿ ಗದ್ದೆ ವರ್ಷಕ್ಕೆ ಎಷ್ಟು ಕೊಡ್ತು? ಒಂದ್ಸಲ ಲೆಕ್ಕ ಹಾಕು."

ತಪ್ಪು ಮಾತಲ್ಲ. ಒಂದು ಎಕರೆ ಐದು ಗುಂಟೆ ತರಿ ಗದ್ದೆ. ನಟ್ಟಿಗೆ ಆಳಿಲ್ಲ, ಬೆಳೆ ಬಂದ್ರೆ ಹಂದಿ, ನವಿಲು. ಕಳೆದ ಐದು ವರ್ಷದಲ್ಲಿ ಮೂರು ವರ್ಷ ಖರ್ಚು ಕೂಡ ಹುಟ್ಟಲಿಲ್ಲ. ತೋಟ ಎರಡು ಎಕರೆ ಚಿಲ್ಲರೆ. ಒಳ್ಳೆ ವರ್ಷ 20 ಕ್ವಿಂಟಲ್ ರಾಶಿ ಆಗ್ತಿದ್ದದ್ದು ಕೊಳೆ ಮತ್ತು ಎಲೆಚುಕ್ಕೆ ಸೇರಿ 13ಕ್ಕೆ ಇಳಿದಿದೆ. ಕ್ವಿಂಟಲ್ಲಿಗೆ 45 ಸಾವಿರ ಅಂತ ಹಿಡಿದ್ರೂ ಆರು ಲಕ್ಷದ ಹತ್ರ, ಅದರಲ್ಲಿ ಅರ್ಧ ಮದ್ದು, ಕೊನೆಕೊಯ್ಲು, ಸುಲಿತ, ಗೊಬ್ಬರಕ್ಕೆ. ಇದನ್ನು ಇಲ್ಲಿ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ಗದ್ದೆಗೆ ಗಿರಾಕಿ ಅದಾಗಲೇ ಇದ್ದ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ರೈತರಲ್ಲದವರೂ ಕೃಷಿಭೂಮಿ ತಗೊಳ್ಳಬಹುದಲ್ಲ, ಅಲ್ಲಿಂದ ನಮ್ಮ ರಸ್ತೆಯಲ್ಲಿ ಕಾರು ನಿಲ್ಲಿಸಿ ಗದ್ದೆ ನೋಡುವವರು ಹೆಚ್ಚಾಗಿದ್ದಾರೆ. ದಲ್ಲಾಳಿ 32 ಲಕ್ಷ ಅಂದ. ನಾನು ಕಾಗದದ ಮೇಲೆ ಲೇಔಟ್ ಮಾಡಿ ನೋಡಿದೆ. 49 ಸಾವಿರ ಚದರಡಿ. ರಸ್ತೆ, ಪಾರ್ಕು, ಸಿಎ ಜಾಗ ಬಿಟ್ಟು ಶೇಕಡಾ 55 ಉಳಿದ್ರೆ 30×40ರ ಇಪ್ಪತ್ತೆರಡು ಸೈಟು. ಒಂದೊಂದು ಎಂಟು ಲಕ್ಷಕ್ಕೆ ಹೋದ್ರೂ ಒಂದು ಕೋಟಿ ಎಪ್ಪತ್ತಾರು ಲಕ್ಷ. ರಸ್ತೆ, ಚರಂಡಿ, ಎನ್‌.ಎ. ಓಡಾಟದ ಖರ್ಚು ಕಳೆದ್ರೂ ಅವನಿಗೆ ಉಳಿಯೋದೇ ಹೆಚ್ಚು. ಇದನ್ನು ಹೇಳಿದ್ದಕ್ಕೆ ದಲ್ಲಾಳಿ, "ಹಾಗಾದ್ರೆ ನೀವೇ ಎನ್‌.ಎ. ಮಾಡಿಸಿ ಕೊಡಿ, ರೇಟು ಜಾಸ್ತಿ ಕೊಡ್ಸ್ತೆ" ಅಂದ.

ಇಲ್ಲಿ ಒಂದು ವಿಷಯ ಗಮನಿಸಿ. ಪಟ್ಟಣದಿಂದ ದೂರದ ಹಳ್ಳಿಯ ಕೃಷಿಭೂಮಿ ಆದಾಯ ತೆರಿಗೆಯ ಲೆಕ್ಕದಲ್ಲಿ ಬಂಡವಾಳ ಆಸ್ತಿ ಅಲ್ಲ. ಹತ್ತು ಸಾವಿರದಿಂದ ಒಂದು ಲಕ್ಷ ಜನಸಂಖ್ಯೆಯ ಪಟ್ಟಣವಾದ್ರೆ ಅದರ ಗಡಿಯಿಂದ ಎರಡು ಕಿಲೋಮೀಟರ್ ಆಚೆ ಇರಬೇಕು, ಅಷ್ಟೇ. ಸಾಗುವಳಿ ಜಮೀನಾಗಿಯೇ ಮಾರಿದ್ರೆ ಆ ಲಾಭಕ್ಕೆ ತೆರಿಗೆ ಇಲ್ಲ. ಅದೇ ಜಾಗವನ್ನು ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಎನ್‌.ಎ. ಮಾಡಿಸಿ ಮಾರಿದ್ರೆ ಅದು ಕೃಷಿಭೂಮಿಯಾಗಿ ಉಳಿಯೋದಿಲ್ಲ, ತೆರಿಗೆ ಬೀಳ್ತದೆ. ರೇಟು ಹೆಚ್ಚು ಸಿಗ್ತು ಅಂತ ಖುಷಿಪಡುವ ಮುಂಚೆ ಒಬ್ಬ ಆಡಿಟರ್ ಹತ್ರ ಕೂತು ಕೇಳಿ.

ಇನ್ನು ಫ್ಲಾಟಿನ ಲೆಕ್ಕ. 85 ಲಕ್ಷ ಅನ್ನೋದು ಬೋರ್ಡಿನ ಮೇಲಿನ ರೇಟು. ಕಟ್ಟುತ್ತಾ ಇರುವ ಫ್ಲಾಟಿಗೆ ಶೇಕಡಾ 5 ಜಿಎಸ್‌ಟಿ, ನಾಲ್ಕೂಕಾಲು ಲಕ್ಷ. ಮುದ್ರಾಂಕ ಶುಲ್ಕ ಸೆಸ್ಸು ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಆಗಿದೆ. ಒಟ್ಟು 7.6 ಅಂದ್ರೆ ಸುಮಾರು ಆರೂವರೆ ಲಕ್ಷ. ಒಳಗೆ ಕಪಾಟು, ಅಡಿಗೆಮನೆ ಮಾಡಿಸೋಕೆ ಮತ್ತೊಂದು ಐದಾರು. ಕೋಟಿ ದಾಟಿತು. ಸಾಲ 60 ಲಕ್ಷ, ಬಡ್ಡಿ ಎಂಟೂವರೆ, ಇಪ್ಪತ್ತು ವರ್ಷ ಅಂದ್ರೆ ಕಂತು 52 ಸಾವಿರ. ಅವನ ಉಳಿತಾಯ 12 ಲಕ್ಷ. ಉಳಿದದ್ದಕ್ಕೆ ಗದ್ದೆ.

"ಹೂಡಿಕೆ ಆಗ್ತು, ಅಪ್ಪಯ್ಯ" ಅಂದ. ಹೂಡಿಕೆ ಅಂತಲೇ ನೋಡುವಾ ಅಂದೆ. ಅಂಥ ಫ್ಲಾಟಿಗೆ ಆ ಕಡೆ ಬಾಡಿಗೆ 25 ಸಾವಿರ. ನಿರ್ವಹಣೆ ಶುಲ್ಕ ಚದರಡಿಗೆ ನಾಲ್ಕು ರೂಪಾಯಿ, 1,250 ಚದರಡಿಗೆ ಐದು ಸಾವಿರ. ಉಳಿಯೋದು ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಕೋಟಿ ಹಾಕಿ ಎರಡೂವರೆ ಪರ್ಸೆಂಟು. ಸೊಸೈಟಿಯ ಠೇವಣಿ ಇದಕ್ಕಿಂತ ಎಷ್ಟೋ ಮೇಲು. ರೇಟು ಏರಿದ್ರೆ ಮಾತ್ರ ಲಾಭ. ಏರೋದು ಜಾಗದ ಬೆಲೆಯೇ ಹೊರತು ಗೋಡೆಯದ್ದಲ್ಲ, ಕಟ್ಟಡ ಹಳೇದಾಗ್ತಾ ಹೋಗ್ತದೆ. ಅವರು ಕೊಡುವ ಅವಿಭಾಜ್ಯ ಹಕ್ಕಿನ ಜಾಗ 420 ಚದರಡಿ. ಅಂದ್ರೆ ಒಂದು ಗುಂಟೆಯ ಅರ್ಧವೂ ಇಲ್ಲ! ಮತ್ತೆ ಆ 1,250 ಅನ್ನೋದು ಮೆಟ್ಟಿಲು, ಲಿಫ್ಟು, ಓಣಿ ಎಲ್ಲಾ ಸೇರಿಸಿದ ಅಳತೆ. ಕಾಲಿಡುವ ನೆಲ 880.

ಇಷ್ಟೆಲ್ಲ ಆದಮೇಲೂ ನಾನು ಬೇಡ ಅಂತ ಹೇಳಿರಲಿಲ್ಲ. ಯಾಕೆಂದ್ರೆ ಇದು ಬರೀ ಹೂಡಿಕೆ ಅಲ್ಲ. ಮಗ ಊರಿಗೆ ಬಂದು ಕೂರ್ತಾನೆ ಅಂತ ನಾನು ನಂಬಿ ಕೂತಿಲ್ಲ. ಅವನಿಗೂ ಒಂದು ಸೂರು ಬೇಕಲ್ಲ. ತೋಟ ಇದೆ ಅಂತ ಬಾಡಿಗೆ ಮನೆಯಲ್ಲೇ ಮುದುಕ ಆಗು ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ತಡೆದದ್ದು ಎರಡು. ಒಂದು ನೀರು. ಈ ಗದ್ದೆ ಇರೋದು ತೋಟದ ಮೇಲ್ಬದಿಗೆ. ಮಳೆಗಾಲದಲ್ಲಿ ನೀರು ಅಲ್ಲಿ ನಿಂತು, ಇಂಗಿ, ನಿಧಾನ ಕೆಳಗೆ ಇಳೀತದೆ, ಏಪ್ರಿಲ್‌ವರೆಗೂ ನಮ್ಮ ಬಾವಿಯಲ್ಲಿ ಒರತೆ ಇರ್ತದೆ. ಅದಕ್ಕೆ ಆರಡಿ ಮಣ್ಣು ತುಂಬಿ ಇಪ್ಪತ್ತೆರಡು ಮನೆ ಕಟ್ಟಿದ್ರೆ ಮಳೆನೀರು ಒಂದೇ ಸಲ ತೋಟಕ್ಕೆ ನುಗ್ತದೆ, ಬೇಸಿಗೆಗೆ ಏನೂ ಇರೋದಿಲ್ಲ. ಅವರ ಬಚ್ಚಲು ನೀರು ಎಲ್ಲಿಗೆ ಹೋಗ್ತದೆ ಅಂತ ದಲ್ಲಾಳಿಗೆ ಕೇಳಿದೆ. ಇಳಿಜಾರು ತೋರಿಸಿದ. ಇಳಿಜಾರಿನ ಕೆಳಗೆ ನನ್ನ ತೋಟ, ಅದರ ಕೆಳಗೆ ಪಕ್ಕದ ಮನೆಯವರದ್ದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊಸ ಬಡಾವಣೆಗಳು ಟ್ಯಾಂಕರಿಗೆ ಕಾದದ್ದು ನೆನಪಿದೆಯಲ್ಲ. ಅವರಿಗೆ ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು. ನಮ್ಮ ತೋಟಕ್ಕೆ ಯಾವ ಹಂತವೂ ಬರೋದಿಲ್ಲ.

ಎರಡನೆಯದು ಮಗಳು. ಗದ್ದೆ ಪಿತ್ರಾರ್ಜಿತ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೆ ಸಮಪಾಲು. ಅಪ್ಪ 2005ರಲ್ಲಿ ಬದುಕಿದ್ದನೋ ಇಲ್ಲವೋ ಅನ್ನೋ ತಕರಾರನ್ನೂ 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿದೆ. ನಮ್ಮ ಕಡೆ ಈಗಲೂ "ತಂಗಿ ಒಂದು ಸಹಿ ಹಾಕಿಕೊಡ್ತು ಬಿಡಿ" ಅಂತ ಹಗುರವಾಗಿ ಹೇಳ್ತಾರೆ. ಫ್ಲಾಟು ಆಗೋದು ಮಗ, ಸೊಸೆಯ ಹೆಸರಲ್ಲಿ, ಬ್ಯಾಂಕಿನವರಿಗೆ ಹಾಗೇ ಬೇಕು. ಹೋಗೋದು ಎಲ್ಲರ ಗದ್ದೆ. ಯಲ್ಲಾಪುರಕ್ಕೆ ಹೋಗಿ ಅವಳ ಮನೆಯಲ್ಲೇ ಕೂತು ಹೇಳಿದೆ. ಅವಳು ಆಸರಿಗೆ ಕೊಟ್ಟು, ಎಲ್ಲಾ ಕೇಳಿ, "ಸಹಿ ಹಾಕ್ತಿ ಅಪ್ಪಯ್ಯ. ನಂಗೆ ದುಡ್ಡು ಬೇಡ" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಂಗೂ ಹಿಂಗೇ ಮನೆಗೆ ಬಂದು ಕೇಳ್ತಿದ್ಯಾ?" ಅಂದ್ಲು. ಸಿಟ್ಟಲ್ಲಿ ಅಲ್ಲ, ಸುಮ್ಮನೆ ಕೇಳಿದ್ದು. ಬಸ್ಸಲ್ಲಿ ಬರುವಾಗ ಪೂರ್ತಿ ಅದೇ ತಲೆಯಲ್ಲಿ.

ಮನೆಗೆ ಬಂದು ಮಗನಿಗೆ ಫೋನ್ ಮಾಡಿದೆ. "ತಮಾ, ಗದ್ದೆ ಕೊಡೋದಿಲ್ಲ. ಠೇವಣಿಯಲ್ಲಿ ಹತ್ತು ಲಕ್ಷ ನಿನಗೆ. ತಂಗಿಗೂ ಅಷ್ಟೇ, ಎರಡು ಸುಗ್ಗಿಯಲ್ಲಿ ಕೊಡ್ತೆ. ಅಷ್ಟರಲ್ಲಿ ಆಗೋದು ನೋಡು." ಎರಡು ವಾರ ಅವನ ಫೋನಿಲ್ಲ. ಅವನ ಆಯಿಗೆ ಮಾತ್ರ ಬರ್ತಾ ಇತ್ತು.

ಆಮೇಲೆ ಅವನೇ ಹುಡುಕಿದ. ಅದೇ ಕಡೆ, ಮೆಟ್ರೋಗೆ ಇನ್ನೂ ಹತ್ರ, ಒಂಬತ್ತು ವರ್ಷ ಹಳೆಯ ಎರಡು ಕೋಣೆಯ ಫ್ಲಾಟು, 58 ಲಕ್ಷ. ಈಜುಕೊಳ ಇಲ್ಲ. ಕಟ್ಟಿ ಮುಗಿದು ಓ.ಸಿ. ಸಿಕ್ಕಿದ ಕಟ್ಟಡ, ಹಾಗಾಗಿ ಜಿಎಸ್‌ಟಿಯೂ ಇಲ್ಲ. ನೋಂದಣಿ ಖರ್ಚು ಸೇರಿ ಅರವತ್ತೆರಡು ಚಿಲ್ಲರೆ, ಸಾಲ 38 ಲಕ್ಷ, ಕಂತು 33 ಸಾವಿರ. ಬಾಡಿಗೆಗಿಂತ 11 ಸಾವಿರ ಹೆಚ್ಚು, ಅದಕ್ಕೆ ನಿರ್ವಹಣೆ ಶುಲ್ಕ. ಅದು ಅವನ ಸಂಬಳದಲ್ಲಿ ನಡೀತದೆ. ಬೆಲೆ 50 ಲಕ್ಷ ದಾಟಿದ್ದಕ್ಕೆ ಮಾರುವವರಿಗೆ ಕೊಡುವ ದುಡ್ಡಲ್ಲಿ ಶೇಕಡಾ 1 ಹಿಡಿದು ತೆರಿಗೆಗೆ ಕಟ್ಟೋದು ತಗೊಳ್ಳುವವನ ಕೆಲಸ, 58 ಸಾವಿರ. ಇದು ನನಗೂ ಹೊಸದು.

ಕಾಗದಪತ್ರ ನೋಡೋಕೆ ನಾನೂ ಹೋಗಿದ್ದೆ. ಇ-ಖಾತೆ ಇದೆಯಾ, ಅದು ಎ ಖಾತೆಯಾ, ಕಾವೇರಿ ಪೋರ್ಟಲ್ಲಿನಲ್ಲಿ ಋಣಭಾರ ಪತ್ರ ಏನು ಹೇಳ್ತದೆ, ಮೂಲ ಜಮೀನಿನ ಎನ್‌.ಎ. ಆದೇಶ, ಮಂಜೂರಾದ ನಕ್ಷೆಯಷ್ಟೇ ಮಹಡಿ ಕಟ್ಟಿದ್ದಾರಾ. ಕಟ್ಟುತ್ತಾ ಇರುವ ಫ್ಲಾಟು ನೋಡುವವರು ರೇರಾ ನೋಂದಣಿ ಸಂಖ್ಯೆ ಕೇಳಿ. ಜಾಗ 500 ಚದರ ಮೀಟರ್ ಮೀರಿ ಎಂಟಕ್ಕಿಂತ ಹೆಚ್ಚು ಮನೆ ಇದ್ರೆ ಅದು ಕಡ್ಡಾಯ. ಕರಾರು ನೋಂದಣಿ ಆಗುವ ಮುಂಚೆ ಶೇಕಡಾ 10ಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಬೆಂಗಳೂರಿನ ಹೊರಗಿನ ಪಂಚಾಯತಿ ಸೈಟಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ ತೋರಿಸಿ "ಒಂದೇ, ಏನಾಗೋದಿಲ್ಲ" ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಗೃಹಪ್ರವೇಶ ಮುಗಿಸಿ ಹನ್ನೊಂದು ದಿನ ಇದ್ವಿ. ನನಗೆ ನಾಲ್ಕನೇ ದಿನಕ್ಕೆ ಮೈ ಜಡ್ಡಾಯ್ತು. ನನ್ನ ಮನೆಯವಳಿಗೆ ಮಾತ್ರ ಭಾರಿ ಹಿಡಿಸಿತು. ಮಂಡಿನೋವಿನವಳಿಗೆ ಲಿಫ್ಟು, ಸಪಾಟು ರಸ್ತೆ, ಹತ್ತು ನಿಮಿಷಕ್ಕೆ ಆಸ್ಪತ್ರೆ. ಸಂಜೆ ಪಾರ್ಕಿನಲ್ಲಿ ಸಾಗರದ ಕಡೆಯ ಇಬ್ಬರು, ಕುಮಟೆಯ ಒಬ್ಬರು ಸಿಕ್ಕು ದಿನಾ ಮಾತು. ಇಲ್ಲಿ ಮಳೆಗಾಲದಲ್ಲಿ ಮೂರು ತಿಂಗಳು ಅವಳು ಮಾತಾಡೋದು ನನ್ನ ಹತ್ರ ಮತ್ತು ಆಕಳ ಹತ್ರ ಮಾತ್ರ, ಅದೂ ನನ್ನ ಹತ್ರ ಕಡಿಮೆ. ಬರುವ ಮಳೆಗಾಲ ಅಲ್ಲೇ ಇರ್ತೇನೆ ಅಂತ ಹೇಳಿದ್ದಾಳೆ. ಬೇಡ ಅನ್ನೋಕೆ ನನ್ನಲ್ಲಿ ಕಾರಣ ಇಲ್ಲ. ಕೊಳೆಮದ್ದು ಹೊಡೆಯುವ ದಿನ ಆಳುಗಳಿಗೆ ಊಟ ಹೇಗೆ ಅನ್ನೋದೊಂದು ಬಿಟ್ರೆ.

ಗದ್ದೆಗೆ ಈ ಸಲ ನಟ್ಟಿ ಬೇಡ, ಬಿತ್ತನೆಯೇ ಮಾಡುವಾ ಅಂತ ಇದ್ದೇನೆ, ಬೇಲಿಗೆ ತಂತಿ ತಂದಾಗಿದೆ. ಫ್ಲಾಟಿನ ಕಾಗದಗಳ ಒಂದು ಪ್ರತಿ ಮನೆಯಲ್ಲಿದೆ, ಹೇಗಿರ್ತದೆ ಅಂತ ನೋಡಬೇಕಾದವರು ಬನ್ನಿ. ಬರುವ ಮುಂಚೆ ಫೋನ್ ಮಾಡಿ, ಕೊನೆಗೌಡ ನಾಳೆಯಿಂದ ಬರ್ತೇನೆ ಅಂದಿದ್ದಾನೆ.