ಒಳಕೋಣೆಗೂ ತಲುಪಲಿ

ವೈಫೈ ಕೈಕೊಟ್ಟರೆ ನಾವು ಮೊದಲು ಬೈಯುವುದು ಕಂಪನಿಯನ್ನು. ರೂಟರಿಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಸರಾಗವಾಗಿ ಬರುತ್ತಿದ್ದರೆ ತೊಡಕು ಮನೆಯೊಳಗೇ ಇದೆ ಎಂದರ್ಥ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ದಪ್ಪ ಗೋಡೆಯೆದುರು ಅದು ಸೊರಗುತ್ತದೆ. 2.4ರ ಅಲೆ ನಿಧಾನವಾದರೂ ದೂರ ಹೋಗುತ್ತದೆ. ಒಳಕೋಣೆಯ ಅಮ್ಮಿಗೆ ಕುವೈತಿನಲ್ಲಿರುವ ಮಗನ ಮುಖ ಕಾಣಲು ಅಷ್ಟು ಸಾಕು.

ರೂಟರನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. 2017ರಲ್ಲಿ ವೈಫೈ ಭದ್ರತೆಯಲ್ಲಿ ‘ಕ್ರ್ಯಾಕ್’ ಎಂಬ ದೋಷ ಬಯಲಾದಾಗ ಅದಕ್ಕೆ ಮದ್ದಾದದ್ದು ತಂತ್ರಾಂಶದ ಹೊಸ ಆವೃತ್ತಿಗಳೇ. ಆದರೆ ಅದನ್ನು ತುಂಬುವಾಗ ಕರೆಂಟು ಹೋದರೆ ರೂಟರೇ ಕೆಟ್ಟು ಕೂರಬಹುದು. ಮಳೆಗಾಲದ ಸಂಜೆ ಆ ಕೆಲಸಕ್ಕೆ ಹೊತ್ತಲ್ಲ.

ನಮ್ಮ ಮನೆಗಳಲ್ಲಿ ರೂಟರ್ ಇರುವುದು ಗಂಡಸರು ಕೂರುವ ಹಜಾರದಲ್ಲಿ. ಕರೆಗಾಗಿ ಕಾಯುವ ಹೆಂಗಸರು ಇರುವುದು ಒಳಗೆ. ಅದನ್ನು ನಡುಮನೆಗೆ ತಂದಿಡಲು ಯಾವ ಮೆಕ್ಯಾನಿಕ್ ಬೇಕು?