ದನಿ ಮಾಡುವ ಕಲ್ಲು

ಹಳೆಯ ರೆಕಾರ್ಡ್ ಪ್ಲೇಯರಿನ ಬೆಲ್ಟು ಬದಲಿಸಿ, ಬೇರಿಂಗಿಗೆ ಎಣ್ಣೆ ಬಿಟ್ಟು, ಮುಳ್ಳಿನ ಭಾರ ಹೊಂದಿಸಿ, ಇನ್ನೇನು ಪ್ಲೇಟು ಹಾಕಬೇಕು ಅನ್ನುವಾಗ ಹವ್ಯಾಸಿಗಳು ತಪ್ಪದೆ ಮಾಡುವ ಒಂದು ಕೆಲಸವಿದೆ. ಗ್ರಾನೈಟ್ ಅಂಗಡಿಯಲ್ಲಿ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪಾಲಿಶ್ ಚಪ್ಪಡಿ ಕೊಯ್ಯಿಸಿ ತಂದು, ಮರದ ಮೇಜಿನ ಮೇಲಿಟ್ಟು, ಅದರ ಮೇಲೆ ಪ್ಲೇಯರನ್ನು ಕೂರಿಸುತ್ತಾರೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದಂಥ ಊರುಗಳಲ್ಲಿ ಇದಕ್ಕಿಂತ ಸಹಜವಾದದ್ದು ಯಾವುದು ಅನಿಸಬಹುದು. ಕಿಟಕಿ ತೆರೆದರೆ ಏಕಶಿಲೆಯ ಬೆಟ್ಟ ಕಾಣುವ ಊರಿನಲ್ಲಿ ಕಲ್ಲನ್ನು ನಂಬದೆ ಇನ್ನೇನನ್ನು ನಂಬುವುದು? ನಾನೂ ಕಲ್ಲನ್ನೇ ನಂಬುವವನು. ತಟ್ಟೆ ತಿರುಗಿಸಲು ನಮ್ಮ ಸೀಮೆಯ ಕಲ್ಲಿಗಿಂತ ಒಳ್ಳೆಯ ಆಸರೆ ಇಲ್ಲ. ಆದರೆ ಕಲ್ಲು ಆಸರೆಯಾಗುವುದು ಅದನ್ನು ಬೇರೊಂದರಲ್ಲಿ ಹೂತಾಗ, ಒತ್ತಿ ಹಿಡಿದಾಗ. ಬಿಡಿಯಾಗಿ ಮೇಜಿನ ಮೇಲೆ ಕೂತ ಚಪ್ಪಡಿ ಆಸರೆಯಲ್ಲ, ಅದೊಂದು ವಾದ್ಯ.

ಇದು ಉತ್ಪ್ರೇಕ್ಷೆ ಅನ್ನುವವರು ಕಲ್ಲುಕುಟಿಗರ ಕೈಯನ್ನು ಗಮನಿಸಬೇಕು. ಚಪ್ಪಡಿಯ ಒಳಗೆ ಬಿರುಕಿದೆಯೋ ಇಲ್ಲವೋ ತಿಳಿಯಲು ಅವರು ಅದನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಟಣ್ ಎಂದು ನೀಳವಾಗಿ ದನಿ ಬಂದರೆ ಗಟ್ಟಿ ಕಲ್ಲು, ದಪ್ ಎಂದರೆ ಒಳಗೆ ಸೀಳಿದೆ. ಅಂದರೆ ಕುಟಿಗರು ಮೆಚ್ಚುವ ಕಲ್ಲು ಚೆನ್ನಾಗಿ ಮೊಳಗುವ ಕಲ್ಲು. ಅದೇ ಗುಣ ಪ್ಲೇಯರಿನ ಕೆಳಗೆ ದೋಷವಾಗುತ್ತದೆ. ರಾಮನಗರದ ಕಡೆಯಿಂದ ಹೊರಟು ಮಧುಗಿರಿ, ಪಾವಗಡ ಹಾದು ಉತ್ತರಕ್ಕೆ ಸಾಗುವ ಬಂಡೆಯ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ; ವಯಸ್ಸು ಸುಮಾರು 250 ಕೋಟಿ ವರ್ಷ. ಹರಳು ಹರಳಾಗಿ ಬಿಗಿದುಕೊಂಡ ಈ ಜಾತಿಯ ಕಲ್ಲು ಒಳಗೆ ಹೊಕ್ಕ ಕಂಪನವನ್ನು ಬೇಗ ನುಂಗುವುದಿಲ್ಲ. ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳು ಬೆರಳು ತಾಕಿದರೆ ನುಡಿಯುವುದು ಗ್ರಾನೈಟಿನ ಈ ಗುಣದಿಂದಲೇ. ಆ ಕಂಬಗಳನ್ನು ಕಂಡು ಬೆರಗಾಗುವ ನಾವೇ, ಅದೇ ಜಾತಿಯ ಕಲ್ಲು ಮನೆಯ ಮೇಜಿನ ಮೇಲೆ ಮೌನವಾಗಿರುತ್ತದೆ ಎಂದು ನಂಬುತ್ತೇವೆ.

ಭಾರ ಹೆಚ್ಚಿದಷ್ಟೂ ಅಲುಗಾಟ ಕಡಿಮೆ ಎಂಬುದು ಚಪ್ಪಡಿ ಪಕ್ಷದ ದೊಡ್ಡ ವಾದ. ಅರ್ಧ ನಿಜ. ನೆಲ ಗಟ್ಟಿಯಾಗಿದ್ದರೆ ಭಾರ ಒಳ್ಳೆಯದೇ. ಮೇಜು ತುಯ್ಯುವಂಥದ್ದಾದರೆ ಲೆಕ್ಕವೇ ಬೇರೆ. 20 ಮಿಲಿಮೀಟರ್ ದಪ್ಪದ ಆ ಚಪ್ಪಡಿ ಸುಮಾರು 15 ಕಿಲೊ ತೂಗುತ್ತದೆ. 10 ಕಿಲೊ ತೂಕದ ಪ್ಲೇಯರನ್ನು ಹೊತ್ತ ಮೇಜು ಸೆಕೆಂಡಿಗೆ 16 ಸಲ ತುಯ್ಯುತ್ತಿತ್ತು ಅಂದುಕೊಳ್ಳಿ. ಮೇಜಿನ ಸ್ವಂತ ತೂಕ ಬಿಟ್ಟು ಲೆಕ್ಕ ಹಾಕಿದರೆ, ಚಪ್ಪಡಿ ಸೇರಿದ ಮೇಲೆ ಹೊರೆ ಎರಡೂವರೆ ಪಟ್ಟು. ತುಯ್ತ ವರ್ಗಮೂಲದ ಲೆಕ್ಕದಲ್ಲಿ ಇಳಿದು ಹತ್ತಕ್ಕೆ ಬಂದು ನಿಲ್ಲುತ್ತದೆ. ಒಳ್ಳೆಯ ಟೋನ್‌ಆರ್ಮೂ ಕಾರ್ಟ್ರಿಡ್ಜೂ ಸೇರಿ ತಾವಾಗಿ ಜೋಲಿ ಹೊಡೆಯುವುದೂ ಸೆಕೆಂಡಿಗೆ 8ರಿಂದ 12 ಸಲದ ನಡುವೆಯೇ! ಸುಮ್ಮನಿದ್ದ ಮೇಜನ್ನು ದುಡ್ಡು ಕೊಟ್ಟು ಟೋನ್‌ಆರ್ಮಿನ ಲಯಕ್ಕೆ ಶ್ರುತಿ ಮಾಡಿದಂತಾಯಿತು. ಎಲ್‌ಪಿಯ ಗೆರೆ ತಲೆಗೂದಲಿನಷ್ಟೂ ಅಗಲವಿಲ್ಲ, ಅದರೊಳಗಿನ ಸೂಕ್ಷ್ಮ ಏರಿಳಿತ ಒಂದು ಮೈಕ್ರಾನಿಗೂ ಕಡಿಮೆ. ಕಣ್ಣಿಗೆ ಕಾಣುವಷ್ಟು ಮೇಜು ಅಲ್ಲಾಡಬೇಕಾಗಿಲ್ಲ.

ಗ್ಯಾರಾರ್ಡ್ 301ರಂಥ ಐಡ್ಲರ್ ಚಕ್ರದ ಯಂತ್ರಗಳು ಭಾರದ ಪ್ಲಿಂತ್‌ನಲ್ಲೇ (ಯಂತ್ರವನ್ನು ಕೂರಿಸುವ ಪೀಠದಲ್ಲೇ) ಚೆನ್ನಾಗಿ ಹಾಡುತ್ತವಲ್ಲ ಎಂದು ಕೇಳುವವರಿದ್ದಾರೆ. ಹೌದು, ಹಾಡುತ್ತವೆ. ಅಲ್ಲಿ ಮೋಟಾರಿನ ನಡುಕ ಯಂತ್ರದ ಹೊಟ್ಟೆಯೊಳಗೇ ಇದೆ. ಅದನ್ನು ಹೀರಿ ಅಡಗಿಸಲು ಮೈತುಂಬಿದ ಪ್ಲಿಂತ್ ಬೇಕು. ಹೊರಗಿನ ನಡುಕ ತಡೆಯುವುದು ಬೇರೆಯದೇ ಕೆಲಸ. ಎಡ್ಗರ್ ವಿಲ್ಚರ್ 1961ರಲ್ಲಿ ತಂದ ಎಆರ್ ಟರ್ನ್‌ಟೇಬಲ್ ಹಗುರವಾದದ್ದು. ತಟ್ಟೆಯನ್ನೂ ಟೋನ್‌ಆರ್ಮನ್ನೂ ಒಂದೇ ಪಟ್ಟಿಗೆ ಬಿಗಿದು, ಆ ಪಟ್ಟಿಯನ್ನು ಮೂರು ಮೆತ್ತನೆ ಸ್ಪ್ರಿಂಗುಗಳ ಮೇಲೆ ತೇಲಬಿಟ್ಟ ಯಂತ್ರ. ಪ್ಲೇಟು ಓಡುತ್ತಿರುವಾಗಲೇ ಅದನ್ನು ಸುತ್ತಿಗೆಯಿಂದ ತಟ್ಟಿ ತೋರಿಸುತ್ತಿದ್ದರು, ಮುಳ್ಳು ಎಗರುತ್ತಿರಲಿಲ್ಲ. ಭಾರವೇ ಭದ್ರತೆಯಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಇಂಥ ಯಂತ್ರಕ್ಕೆ ಶತ್ರು ಒಂದೇ, ಹೆಜ್ಜೆ ಇಟ್ಟರೆ ತೂಗುವ ಮರದ ನೆಲ. ಅದು ನಮ್ಮಲ್ಲಿಲ್ಲ. ಮಣ್ಣಿನ ಮೇಲೆ ಹಾಸಿದ ಕಲ್ಲುಚಪ್ಪಡಿಯ ನೆಲದಲ್ಲಿ ಮಕ್ಕಳು ಕುಣಿದರೂ ಸ್ಪ್ರಿಂಗಿಗೆ ಸುದ್ದಿ ಮುಟ್ಟುವುದಿಲ್ಲ.

ಹಾಗಾದರೆ ಎಲ್ಲಿಡಬೇಕು? ಉತ್ತರ ನಮ್ಮ ಹಳೆ ಮನೆಗಳ ಗೋಡೆಯಲ್ಲೇ ಇದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದರ ಗೂಡಿನೊಳಗೆ ಮೂರು ಕಡೆ ಗಾರೆಯಲ್ಲಿ ಹೂತ ಕಡಪ ಕಲ್ಲಿನ ಹಲಗೆ. ಕಡಪವನ್ನೂ ಬಿಡಿಯಾಗಿ ಹಿಡಿದು ತಟ್ಟಿದರೆ ಟಣ್ ಅನ್ನುತ್ತದೆ. ಹೂತ ಮೇಲೆ ತಟ್ಟಿ ನೋಡಿ, ಅಂಗೈಯಲ್ಲಿ ಬಿಗಿಹಿಡಿದ ಗಂಟೆಯನ್ನು ಬಾರಿಸಿದ ಹಾಗೆ, ದಪ್ ಅಂದು ಸುಮ್ಮನಾಗುತ್ತದೆ. ಕಲ್ಲು ಬಿಗಿ ಕೊಡುತ್ತದೆ, ಮಣ್ಣು ಕಂಪನ ನುಂಗುತ್ತದೆ. ನಂಬದವರು ಮೋಟಾರು ನಿಲ್ಲಿಸಿ, ನಿಂತ ಪ್ಲೇಟಿನ ಮೇಲೆ ಮುಳ್ಳನ್ನು ಇಳಿಸಿ, ವಾಲ್ಯೂಮನ್ನು ಮೆಲ್ಲಗೆ ಏರಿಸಿ, ಹಲಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಲಿ. ಸ್ಪೀಕರಿನಲ್ಲಿ ಕೇಳುವುದೆಲ್ಲ ಆಸರೆಯ ದನಿ. ಮೇಜಿನ ಮೇಲಿನ ಚಪ್ಪಡಿ ಒಂದು ಸ್ವರವನ್ನೇ ಹಿಡಿದು ಎಳೆಯುತ್ತದೆ. ಗೋಡೆಯ ಹಲಗೆ ಒಂದು ಸಣ್ಣ ಗುದ್ದಿಗೆ ಮುಗಿಸುತ್ತದೆ. ಶಿರಾದಲ್ಲಿ ಹೆದ್ದಾರಿಯ ಪಕ್ಕದ ಮನೆಯಾದರೆ ಇನ್ನೊಂದು ಪರೀಕ್ಷೆಯೂ ಇದೆ. ಅಗಲ ಬಾಯಿಯ ಹಿತ್ತಾಳೆ ತಟ್ಟೆಯಲ್ಲಿ ನೀರು ತುಂಬಿ, ಪ್ಲೇಯರ್ ಇಡುವ ಜಾಗದಲ್ಲಿಟ್ಟು, ಅದರಲ್ಲಿ ಬಿದ್ದ ಟ್ಯೂಬ್‌ಲೈಟಿನ ಬಿಂಬವನ್ನು ನೋಡುತ್ತ ಕೂರುವುದು. ಪುಣೆ ಕಡೆಗೆ ಹೋಗುವ ಲಾರಿಯ ಸದ್ದು ಕಿವಿಗೆ ಬೀಳುವ ಮೊದಲೇ ಬಿಂಬದ ಅಂಚು ನಡುಗಿದರೆ ಆ ಜಾಗ ಬೇಡ.

ಮಹಡಿ ಮನೆಯವರಿಗೆ, ಬಾಡಿಗೆ ಮನೆಯವರಿಗೆ ಈ ಗೋಡೆ ಎಲ್ಲಿಂದ ತರುವುದು ಎಂಬ ಆಕ್ಷೇಪ ನ್ಯಾಯವಾದದ್ದು. ಅವರಿಗಾಗಿ ಮರಳಿನ ತಟ್ಟೆಯಿದೆ, ಇದರ ವಿಷಯ ಎಷ್ಟು ಹೇಳಿದರೂ ನನಗೆ ಸಾಲದು. ಎರಡು ಅಂಗುಲ ಆಳದ ಮರದ ತಟ್ಟೆ, ಅದರಲ್ಲಿ ಒಂದೂವರೆ ಅಂಗುಲ ಒಣ ಮರಳು, ಮರಳಿನ ಮೇಲೆ ತಟ್ಟೆಯ ಅಂಚಿಗೆ ಎಲ್ಲೂ ತಾಗದಂತೆ ಚಪ್ಪಡಿ. ನಾನು ದೂರಿದ ಅದೇ ಗ್ರಾನೈಟ್ ಚಪ್ಪಡಿಯೂ ಆದೀತು. ಮರಳಿನ ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡು ಕಲ್ಲಿನ ಮೊಳಗನ್ನು ಬಿಸಿಯಾಗಿ ಕರಗಿಸುತ್ತವೆ. ಈಗ ಸಿಗುವುದು ಎಂ-ಸ್ಯಾಂಡು, ಅದೂ ನಡೆಯುತ್ತದೆ. ಆದರೆ ಜರಡಿ ಹಿಡಿದು ಹಿಟ್ಟಿನಂಥ ಧೂಳನ್ನು ಕಳೆದು, ಎರಡು ದಿನ ಬಿಸಿಲಿಗೆ ಹಾಕಲೇಬೇಕು. ಧೂಳು ಉಳಿದರೆ ಮರಳು ಗಟ್ಟಿಕಟ್ಟಿ ನೆಲದಂತಾಗುತ್ತದೆ, ಮೇಲೆ ಹಾರಿದರೆ ಪ್ಲೇಟಿನ ಗೆರೆಗೆ ಕೂರುತ್ತದೆ. ಚಪ್ಪಡಿ ಇಟ್ಟ ಮೇಲೆ ಅಂಗೈಯಿಂದ ಮೆಲ್ಲಗೆ ಆಚೀಚೆ ತಿರುಗಿಸಿ ಕೂರಿಸಿ, ರಸಮಟ್ಟ ಇಟ್ಟು ನೋಡಬೇಕು. ವಾರ ಕಳೆದು ಇನ್ನೊಮ್ಮೆ ನೋಡಬೇಕು, ಮರಳು ಇಳಿದಿರುತ್ತದೆ. ಮೇಜೇ ತುಯ್ಯುವಂತಿದ್ದರೆ ಮರಳು ಅದನ್ನು ನಿಲ್ಲಿಸಲಾರದು, ಮೇಜಿನ ಕಾಲಿಗೆ ಅಡ್ಡಪಟ್ಟಿ ಹೊಡೆಸಬೇಕು. ಸಾವಿರಾರು ರೂಪಾಯಿಯ ಹಿತ್ತಾಳೆ ಶಂಕುಗಳನ್ನು ಕೊಳ್ಳುವವರು ಒಂದು ಬಾಣಲೆ ಮರಳನ್ನು ಕೀಳಾಗಿ ಕಾಣುವುದು ನನಗೆ ನಿಜಕ್ಕೂ ನೋವಿನ ವಿಷಯ.

ಅದಕ್ಕಿಂತ ಸಿಟ್ಟು ಬರಿಸುವುದು ಇನ್ನೊಂದು. ಪ್ಲೇಯರೂ ಸ್ಪೀಕರೂ ಒಂದೇ ಪ್ಲೈವುಡ್ ಟಿವಿ ಯೂನಿಟ್ಟಿನ ಮೇಲೆ! ಸ್ಪೀಕರಿನ ನಡುಕ ಹಲಗೆಯಲ್ಲಿ ಹರಿದು ಮುಳ್ಳಿಗೆ ಬಂದು, ಮತ್ತೆ ಸ್ಪೀಕರಿಗೇ ಹೋಗಿ ಗುಂಯ್‌ಗುಡುತ್ತದೆ. ಜಾತ್ರೆಯ ಮೈಕ್‌ಸೆಟ್ಟಿನವರಿಗೆ ಇಷ್ಟು ಗೊತ್ತಿತ್ತು: ಕಹಳೆ ಮರದ ತುದಿಯಲ್ಲಿ, ಪ್ಲೇಯರು ದೂರದ ಚಪ್ಪರದ ಕೆಳಗೆ. ಆ ಟಿವಿ ಯೂನಿಟ್ಟಿಗೆ ಜಾಗ ಮಾಡಲೆಂದೇ ಮಣ್ಣಿನ ಗೋಡೆ ಕೆಡವಿ, ಕಡಪದ ಹಲಗೆ ಕಿತ್ತು ಹಿತ್ತಲಿಗೆ ಎಸೆದು, ನಾಲ್ಕಿಂಚಿನ ಇಟ್ಟಿಗೆ ಗೋಡೆ ಎಬ್ಬಿಸುತ್ತಾರೆ. ಒಳ್ಳೆಯ ಆಸರೆಯನ್ನು ಒಡೆದುಹಾಕಿ, ಅದರ ಬದಲಿಗೆ ಬೆಲೆಬಾಳುವ ಕಳಪೆ ಆಸರೆಯನ್ನು ತರುತ್ತಾರೆ.

ಇದೆಲ್ಲ ಭ್ರಮೆ, ಕಿವಿಗೆ ವ್ಯತ್ಯಾಸ ತಿಳಿಯದು ಅನ್ನುವವರೂ ಇದ್ದಾರೆ. ಗುಬ್ಬಿ ಕಂಪನಿಯ ನಾಟಕದ ಹಾಡುಗಳ 78ರ ಪ್ಲೇಟಿನಲ್ಲಿ ತಿಳಿಯದಿರಬಹುದು, ಅಲ್ಲಿ ಅರಗಿನ ಸರಸರ ಸದ್ದೇ ಎಲ್ಲವನ್ನೂ ಮುಚ್ಚಿರುತ್ತದೆ. ಪಿಟೀಲು ಚೌಡಯ್ಯನವರ ಎಲ್‌ಪಿ ಹಾಕಿ ನೋಡಲಿ. ಮೈಕಿಲ್ಲದ ಸಭೆಗಳಲ್ಲಿ ನಾದ ಕೊನೆಯ ಸಾಲಿನವರೆಗೂ ಮುಟ್ಟಲೆಂದು ಅವರು ಕಟ್ಟಿಕೊಂಡದ್ದು ಏಳು ತಂತಿಯ ಪಿಟೀಲು. ಕಮಾನು ಎತ್ತಿದ ಮೇಲೂ ತಂತಿಗಳು ಒಂದು ಕ್ಷಣ ಉಸಿರಾಡುತ್ತಿರುತ್ತವೆ. ಮೇಜಿನ ಮೇಲಿನ ಚಪ್ಪಡಿಯಲ್ಲಿ ಆ ಉಸಿರಿನ ಜೊತೆಗೆ ಕಲ್ಲಿನ ಗುನುಗೂ ಬೆರೆತು ಎಲ್ಲಿಗೆ ಯಾವುದು ಮುಗಿಯಿತು ಎಂದು ತಿಳಿಯುವುದಿಲ್ಲ. ಗೋಡೆಯ ಹಲಗೆಗೆ ಪ್ಲೇಯರನ್ನು ಎತ್ತಿಟ್ಟು ಅದೇ ಗೆರೆಗೆ ಮುಳ್ಳು ಇಳಿಸಿದರೆ, ತಂತಿಯ ದನಿ ಅಡಗಿದ ಮೇಲೆ, ಮುಂದಿನ ಕಮಾನಿಗೆ ಮೊದಲು, ಮೃದಂಗದವರ ಬೆರಳು ಚರ್ಮದ ಮೇಲೆ ಹಗುರಾಗಿ ಕೂರುವುದು ಕೇಳಿಸುತ್ತದೆ.