ಷಾಂಘಾಯಿಯಲ್ಲಿ ಬಿಡಾರ ಎಲ್ಲಿ?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ದೇಶ ಸುತ್ತುವವನು ಮನೆಯಿಂದ ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ರಾತ್ರಿ ತಲೆಯಿಡುವುದೆಲ್ಲಿ? ಚಿಕ್ಕ ಊರಿನಲ್ಲಿ ಈ ಪ್ರಶ್ನೆಗೆ ಅಷ್ಟೇನೂ ಮಹತ್ತ್ವವಿಲ್ಲ. 2020ರ ಜನಗಣತಿಯಲ್ಲಿ 2 ಕೋಟಿ 48 ಲಕ್ಷಕ್ಕೂ ಮಿಕ್ಕಿ ಜನರಿದ್ದ ಷಾಂಘಾಯಿಯಂಥ ಮಹಾನಗರದಲ್ಲಾದರೋ, ಬಿಡಾರ ಸರಿಯಾಯಿತೆಂದರೆ ಅರ್ಧ ಪ್ರವಾಸ ಸರಿಯಾದಂತೆ. ಐದು ದಿನಗಳಿಗೆಂದು ಹೋದ ಕುಟುಂಬ ಬಾಡಿಗೆ ಅಗ್ಗವೆಂದು ಊರ ಹೊರವಲಯದಲ್ಲಿ ಕೋಣೆ ಹಿಡಿದರೆ, ದಿನಕ್ಕೆ ಎರಡು ಮೂರು ಗಂಟೆಗಳು ಸುರಂಗ ರೈಲಿನಲ್ಲಿಯೇ ಕಳೆದುಹೋಗುತ್ತವೆ. ಮೂರನೆಯ ದಿನ ವೃದ್ಧ ತಾಯಿ ಕೋಣೆಯಿಂದ ಹೊರಡಲೊಲ್ಲರು. ಮಕ್ಕಳು ಕಂಡು ಬಂದದ್ದು ಷಾಂಘಾಯಿಯನ್ನಲ್ಲ, ಅದರ ರೈಲು ನಿಲ್ದಾಣಗಳನ್ನು!

ಎರಡು ದಡಗಳ ನಗರ

ಹ್ವಾಂಗ್‌ಪು ನದಿ ಈ ನಗರವನ್ನು ಇಬ್ಭಾಗವಾಗಿ ಸೀಳಿ ಹರಿಯುತ್ತದೆ. ಪಶ್ಚಿಮದ ದಡ ಪುಷಿ, ಪೂರ್ವದ ದಡ ಪುಡಾಂಗ್. ಪುಷಿ ಹಳೆಯ ಊರು. ವರ್ತಕರು, ಬ್ಯಾಂಕುಗಳು, ಅಂಗಡಿ ಬೀದಿಗಳೆಲ್ಲ ಅಲ್ಲಿಯೇ. ಪುಡಾಂಗ್ ಬಹುಕಾಲ ಹೊಲಗದ್ದೆಗಳು, ಉಗ್ರಾಣಗಳು, ಹಡಗುಕಟ್ಟೆಗಳ ನಾಡಾಗಿತ್ತು. "ಪುಡಾಂಗಿನಲ್ಲಿ ಒಂದು ಮನೆಗಿಂತ ಪುಷಿಯಲ್ಲಿ ಒಂದು ಮಂಚ ಲೇಸು" ಎಂಬುದು ಷಾಂಘಾಯಿಗರ ಬಾಯಲ್ಲಿದ್ದ ಗಾದೆ.

1990ರಲ್ಲಿ ಚೀನಾ ಸರ್ಕಾರ ಪುಡಾಂಗಿನ ಅಭಿವೃದ್ಧಿಗೆ ಕೈಹಾಕಿತು. ಅನಂತರ ನಡೆದುದು ಕಣ್ಣು ನಂಬದಂಥ ಪರಿವರ್ತನೆ. 1999ರಲ್ಲಿ 88 ಅಂತಸ್ತುಗಳ ಜಿನ್ ಮಾವ್ ಗೋಪುರ ತಲೆಯೆತ್ತಿತು. 2008ರಲ್ಲಿ ಅದನ್ನು ಮೀರಿದ 492 ಮೀಟರಿನ ಕಟ್ಟಡವೊಂದು ಪಕ್ಕದಲ್ಲಿಯೇ ನಿಂತಿತು. 2015ರಲ್ಲಿ 632 ಮೀಟರ್ ಎತ್ತರದ ಷಾಂಘಾಯ್ ಟವರ್ ಇವೆರಡನ್ನೂ ಕುಬ್ಜಗೊಳಿಸಿತು. ಮೂರರಲ್ಲಿಯೂ ಮೇಲಿನ ಅಂತಸ್ತುಗಳಲ್ಲಿ ವೈಭವದ ಹೋಟೆಲುಗಳಿವೆ. ಮೋಡ ಕವಿದ ದಿನ ಅಲ್ಲಿನ ಕಿಟಕಿಯಿಂದ ಕಾಣುವುದು ಬೆಳ್ಳನೆಯ ಮಂಜು ಮಾತ್ರ.

ಗಾದೆ ಇಂದು ಸುಳ್ಳಾಗಿದೆಯೆಂದು ಹೇಳಬಹುದು. ಆದರೂ ಪ್ರವಾಸಿಯ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯ ಉಳಿದೇ ಇದೆ. ಪುಡಾಂಗಿನ ಹೆದ್ದಾರಿಗಳು ವಾಹನಗಳಿಗಾಗಿ ರಚಿತವಾದವು. ಅಲ್ಲಿನ ಶತಮಾನ ಮಾರ್ಗದ ಅಗಲವೇ 100 ಮೀಟರ್. ಸಂಜೆ ಮಕ್ಕಳ ಕೈ ಹಿಡಿದು, ಅಂಗಡಿಗಳನ್ನು ನೋಡುತ್ತ ಅಡ್ಡಾಡುವ ಸುಖ ಅಲ್ಲಿ ಕಡಿಮೆ. ಇನ್ನೂ ಒಂದು ವಿನೋದವಿದೆ: ಪುಡಾಂಗಿನ ಗೋಪುರಗಳ ದೀಪಾಲಂಕಾರವನ್ನು ನೋಡಬೇಕಾದರೆ ಪುಷಿಯ ದಡದಲ್ಲಿಯೇ ನಿಲ್ಲಬೇಕು. ದಡದಿಂದ ದಡಕ್ಕೆ ಹೋಗಲು ಎರಡು ಯುವಾನ್ ಕೊಟ್ಟರೆ ಜನರನ್ನು ದಾಟಿಸುವ ದೋಣಿಯುಂಟು. ನಗರದ ಅತ್ಯಂತ ಅಗ್ಗದ ವಿಹಾರ ಅದೇ ಇರಬೇಕು.

ಬಂಡ್: ಕಲ್ಲಿನಲ್ಲಿ ಬರೆದ ಇತಿಹಾಸ

ಪುಷಿಯ ನದೀತೀರದಲ್ಲಿ ಸಾಲಾಗಿ ನಿಂತ ಕಲ್ಲಿನ ಸೌಧಗಳ ಬೀದಿಗೆ ಬಂಡ್ ಎಂದು ಹೆಸರು. ಇದು ಚೀನೀ ಶಬ್ದವಲ್ಲ. ಫಾರಸಿಯಿಂದ ಹಿಂದೂಸ್ಥಾನಿಗೆ ಬಂದ 'ಬಂದ್', ಎಂದರೆ ಒಡ್ಡು, ಕಟ್ಟೆ, ಎಂಬ ಮಾತನ್ನು ಭಾರತದಲ್ಲಿದ್ದ ಇಂಗ್ಲಿಷರು ಪೂರ್ವದ ರೇವುಗಳಿಗೆ ಒಯ್ದರು. ಕೆರೆಯ ಏರಿಯನ್ನು 'ಟ್ಯಾಂಕ್ ಬಂಡ್' ಎನ್ನುವ ಬೆಂಗಳೂರಿಗರಿಗೆ ಈ ಹೆಸರು ಅಪರಿಚಿತವಲ್ಲ.

ಭಾರತದಿಂದ ಹೋದದ್ದು ಶಬ್ದವೊಂದೇ ಅಲ್ಲ. ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರ ನಾನ್‌ಕಿಂಗ್ ಒಪ್ಪಂದದಿಂದ ಷಾಂಘಾಯಿಯ ಬಾಗಿಲನ್ನು ಪರಕೀಯರಿಗೆ ತೆರೆಯಬೇಕಾಯಿತು. ಭಾರತದಲ್ಲಿ ಬೆಳೆದ ಅಫೀಮು ಹಡಗುಗಳಲ್ಲಿ ಇಲ್ಲಿಗೆ ಬಂತು. ಪರಕೀಯ ವಸಾಹತನ್ನು ಕಾಯಲು ಪಂಜಾಬಿನ ಸಿಖ್ಖರು ಪೋಲೀಸರಾಗಿ ಬಂದರು. ಬಂಡಿನ ಮೇಲೆ ಹಸಿರು ಶಿಖರವನ್ನು ಹೊತ್ತು ನಿಂತಿರುವ ಪೀಸ್ ಹೋಟೆಲು 1929ರಲ್ಲಿ ಕ್ಯಾಥೇ ಹೋಟೆಲೆಂಬ ಹೆಸರಿನಿಂದ ಆರಂಭವಾಯಿತು. ಅದನ್ನು ಕಟ್ಟಿಸಿದವನು ವಿಕ್ಟರ್ ಸ್ಯಾಸೂನ್. ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿ, ಹತ್ತಿ ಮತ್ತು ಅಫೀಮಿನ ವ್ಯಾಪಾರದಿಂದ ಶ್ರೀಮಂತನಾದ ಡೇವಿಡ್ ಸ್ಯಾಸೂನನ ಮರಿಮಗನೇ ಈತ. ಆ ಹೋಟೆಲಿನ ಅಮೃತಶಿಲೆಯ ನೆಲದ ಮೇಲೆ ನಡೆಯುವ ಭಾರತೀಯ, ಮಾಳವದ ಗಸಗಸೆಯ ಹೊಲಗಳನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. ಅಲ್ಲಿ ತಂಗಲು ಹಣದ ಥೈಲಿ ದೊಡ್ಡದಿರಬೇಕು. ಒಳಗೆ ಹೋಗಿ ನೋಡಿ ಬರಲು ಕುತೂಹಲವೊಂದೇ ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಂಬಿದವರು ಬಂಡಿನಿಂದ ಕೊಂಚ ಒಳಕ್ಕೆ, ನಾನ್‌ಜಿಂಗ್ ರಸ್ತೆಯ ಉದ್ದಕ್ಕೆ ನಡೆದು ಜನತಾ ಚೌಕಕ್ಕೆ ಬರಬೇಕು. ಹಿಂದೆ ಪರಕೀಯರ ಕುದುರೆ ಪಂದ್ಯದ ಬಯಲಾಗಿದ್ದ ಸ್ಥಳವಿದು. ಇದಕ್ಕೆದುರಾಗಿ 1934ರ ಪಾರ್ಕ್ ಹೋಟೆಲಿದೆ. ರಷ್ಯನ್ನರ ಸೆರೆಯಿಂದ ತಪ್ಪಿಸಿಕೊಂಡು 1918ರಲ್ಲಿ ಇಲ್ಲಿಗೆ ಬಂದ ಲಾಸ್ಲೊ ಹುಡೆಕ್ ಇದರ ಶಿಲ್ಪಿ. ಸುಮಾರು ಅರ್ಧ ಶತಮಾನ ಕಾಲ ನಗರದ ಅತ್ಯುನ್ನತ ಕಟ್ಟಡ ಇದೇ ಆಗಿತ್ತು. ಇದರ ಸುತ್ತಮುತ್ತ ಮಧ್ಯಮ ದರದ ಹೋಟೆಲುಗಳು ಅನೇಕ. ಎರಡೂ ವಿಮಾನ ನಿಲ್ದಾಣಗಳನ್ನು ಕೂಡಿಸುವ ಎರಡನೆಯ ಮಾರ್ಗದ ಸುರಂಗ ರೈಲು ಇಲ್ಲಿಯೇ ನಿಲ್ಲುತ್ತದೆ. ವಾರಾಂತ್ಯದಲ್ಲಿ ಪಕ್ಕದ ಉದ್ಯಾನದಲ್ಲಿ ತಂದೆತಾಯಿಯರು ಮಕ್ಕಳ ವಯಸ್ಸು, ಓದು, ಸಂಬಳಗಳನ್ನು ಕಾಗದದಲ್ಲಿ ಬರೆದು, ಬಿಚ್ಚಿದ ಕೊಡೆಗಳ ಮೇಲೆ ಅಂಟಿಸಿಕೊಂಡು, ವಧೂವರರನ್ನು ಹುಡುಕುತ್ತ ಕುಳಿತಿರುತ್ತಾರೆ. ಜಾತಕ ಹಿಡಿದು ಅಲೆದ ಅನುಭವವುಳ್ಳ ನಮ್ಮ ಹಿರಿಯರಿಗೆ ಆ ದೃಶ್ಯವನ್ನು ಯಾರೂ ಅನುವಾದಿಸಬೇಕಾಗಿಲ್ಲ.

ನೆರಳಿನ ಬೀದಿಗಳು

ಗದ್ದಲವೊಲ್ಲದವರಿಗೆ ಹಿಂದಿನ ಫ್ರೆಂಚ್ ವಸಾಹತಿನ ಭಾಗ ಉತ್ತಮ. ಇಕ್ಕೆಲದ ಮರಗಳು ಮೇಲೆ ಕೈಕೈ ಹಿಡಿದು ಚಪ್ಪರ ಹಾಕಿದಂಥ ಬೀದಿಗಳು, ಹಳೆಯ ಬಂಗಲೆಗಳು, ಸಣ್ಣ ವಸತಿ ಗೃಹಗಳು. 1972ರಲ್ಲಿ ಅಮೆರಿಕ-ಚೀನಾಗಳ ಷಾಂಘಾಯ್ ಪ್ರಕಟಣೆ ಹೊರಬಿದ್ದ ಜಿನ್‌ಜಿಯಾಂಗ್ ಹೋಟೆಲು ಇಲ್ಲಿದೆ. 1924ರಲ್ಲಿ ಚೀನಾಕ್ಕೆ ಭೇಟಿಯಿತ್ತ ರವೀಂದ್ರನಾಥ ಠಾಕೂರರ ಪ್ರತಿಮೆಯೂ ಇದೇ ಭಾಗದ ಬೀದಿಯೊಂದರ ಮೂಲೆಯಲ್ಲಿದೆ; ಅದು 2010ರಲ್ಲಿ ಸ್ಥಾಪಿತವಾಯಿತು.

ಷಾಂಘಾಯಿಯ ನಿಜವಾದ ಜೀವ ಓಣಿಗಳಲ್ಲಿತ್ತು. ಕಲ್ಲಿನ ಬಾಗಿಲುವಾಡದ ಇಟ್ಟಿಗೆ ಮನೆಗಳ ಈ ಸಾಲುಗಳಿಗೆ 'ಷಿಕುಮೆನ್' ಎಂದು ಹೆಸರು. ಒಂದೇ ಮನೆಯಲ್ಲಿ ನಾಲ್ಕೈದು ಸಂಸಾರಗಳು, ಹಂಚಿಕೊಂಡ ಅಡಿಗೆಮನೆ, ಓಣಿಗೆ ಅಡ್ಡವಾಗಿ ಬಿದಿರಿನ ಗಳದ ಮೇಲೆ ಒಣಗುವ ಬಟ್ಟೆ. 1990ರಿಂದೀಚೆಗೆ ಇವುಗಳಲ್ಲಿ ಬಹುಭಾಗ ನೆಲಸಮವಾಗಿ, ಅಲ್ಲಿದ್ದವರು ದೂರದ ಎತ್ತರದ ಕಟ್ಟಡಗಳಿಗೆ ಹೋದರು. ಉಳಿದವುಗಳಲ್ಲಿ ಕೆಲವು ಪ್ರವಾಸಿಗಳ ಬಿಡಾರಗಳಾಗಿವೆ. ಅಂಥ ಮನೆಯಲ್ಲಿ ಮಲಗುವವನು ಯಾರೋ ಬಿಟ್ಟುಹೋದ ಬಾಳಿನ ಮೇಲೆ ಮಲಗುತ್ತಾನೆ. ಮರದ ಮೆಟ್ಟಿಲುಗಳು ಏಣಿಯಂತೆ ಕಡಿದು. ಲಿಫ್ಟಿನ ಮಾತೇ ಇಲ್ಲ. ಮಂಡಿನೋವಿನ ಹಿರಿಯರಿದ್ದರೆ ಈ ಆಸೆಯನ್ನು ಬಿಡುವುದೇ ಕ್ಷೇಮ.

ಕೋಣೆ ಹಿಡಿಯುವ ಮುನ್ನ

ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪರದೇಶದವರು ಊರು ಸೇರಿದ 24 ಗಂಟೆಗಳೊಳಗಾಗಿ ಪೋಲೀಸರಲ್ಲಿ ಹೆಸರು ದಾಖಲಿಸಬೇಕು. ಹೋಟೆಲಿನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಅವರೇ ಆ ಕಾರ್ಯ ಮುಗಿಸುತ್ತಾರೆ; ನೆಂಟರ ಮನೆಯಲ್ಲಿ ಇಳಿದವರು ಅದನ್ನು ತಾವೇ ನೋಡಿಕೊಳ್ಳಬೇಕು. ಹಿಂದೆ ಅನೇಕ ಸಣ್ಣ ಹೋಟೆಲುಗಳು ವಿದೇಶೀಯರಿಗೆ ಕೋಣೆ ಕೊಡುತ್ತಿರಲಿಲ್ಲ. ಹಾಗೆ ನಿರಾಕರಿಸಕೂಡದೆಂದು 2024ರಲ್ಲಿ ಸರ್ಕಾರ ಸೂಚಿಸಿತಾದರೂ, ಮೊದಲೇ ವಿಚಾರಿಸುವುದು ಜಾಣತನ.

ಅಗ್ಗದ ಕೋಣೆಗಳಲ್ಲಿ ಕೆಲವಕ್ಕೆ ಕಿಟಕಿಯೇ ಇರುವುದಿಲ್ಲ. ಅಲ್ಲಿ ನೆಲಮಟ್ಟವೇ ಒಂದನೆಯ ಅಂತಸ್ತು. ಆದುದರಿಂದ ಮೂರನೆಯ ಅಂತಸ್ತೆಂದರೆ ನಮ್ಮ ಎರಡನೆಯ ಮಹಡಿ. ಉತ್ತರದ ಬೀಜಿಂಗಿನಂತೆ ಇಲ್ಲಿ ಊರಿಗೆಲ್ಲ ಶಾಖ ಒದಗಿಸುವ ವ್ಯವಸ್ಥೆಯಿಲ್ಲ. ಜನವರಿಯ ಚಳಿ ಎಲುಬಿಗಿಳಿಯುವಂಥದು. ಜೂನ್ ನಡುವಿನಿಂದ ಕೆಲವು ವಾರ ಎಡೆಬಿಡದ ಮಳೆ. ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ರಜೆ. ಆಗ ಬಾಡಿಗೆಯೂ ಜನಸಂದಣಿಯೂ ಮುಗಿಲು ಮುಟ್ಟುತ್ತವೆ. ಹೋಟೆಲಿನ ಹೆಸರು ವಿಳಾಸಗಳನ್ನು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಸದಾ ಜೇಬಿನಲ್ಲಿರಲಿ.

ಶಾಕಾಹಾರಿಗಳೂ ಹೆದರಬೇಕಾಗಿಲ್ಲ. 1922ರಲ್ಲಿ ಆರಂಭವಾದ ಗೊಂಗ್‌ದೆಲಿನ್ ಶಾಕಾಹಾರಿ ಭೋಜನಶಾಲೆ ನಾನ್‌ಜಿಂಗ್ ಪಶ್ಚಿಮ ರಸ್ತೆಯಲ್ಲಿದೆ. ತಟ್ಟೆಯಲ್ಲಿ ಬಾತುಕೋಳಿ ಬಂತೆಂದು ಅಜ್ಜಿ ಗಾಬರಿಯಾದರೆ, ಅದು ಸೋಯಾ ಅವರೆಯ ಹಾಲಿನ ಕೆನೆಯಿಂದ ಮಾಡಿದ್ದೆಂದು ಸಮಾಧಾನ ಹೇಳಬೇಕಾದೀತು, ಅಷ್ಟೇ. ಕೋಣೆಯಲ್ಲಿ ನೀರು ಕಾಯಿಸುವ ಕೆಟ್ಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಚೀನೀಯರು ಬಿಸಿನೀರು ಕುಡಿಯುವವರು.

ಹಾಗಾದರೆ ಬಿಡಾರ ಎಲ್ಲಿ? ಮೊದಲ ಸಲ ಹೋಗುವ ಕುಟುಂಬಕ್ಕೆ ಜನತಾ ಚೌಕದ ಸುತ್ತ, ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ, ಕಿಟಕಿಯುಳ್ಳ ಸಾಧಾರಣ ಕೋಣೆ. ಅಲ್ಲಿಂದ ಮುಂಜಾನೆ ಎದ್ದು ಬಂಡಿಗೆ ನಡೆದರೆ, ನದಿಯ ಮಂಜಿನಲ್ಲಿ ಮುದುಕರು ಮೆಲ್ಲಮೆಲ್ಲನೆ ಕೈಯಾಡಿಸುತ್ತ ವ್ಯಾಯಾಮ ಮಾಡುತ್ತಿರುತ್ತಾರೆ. ವೃದ್ಧ ತಾಯಿಯೂ ಅಲ್ಲಿನ ಕಲ್ಲುಬೆಂಚಿನ ಮೇಲೆ ಕುಳಿತು ಅದನ್ನು ನೋಡಬಹುದು. ಆ ಹೊತ್ತಿಗೆ ಅವರು ಅಲ್ಲಿರಬೇಕಾದರೆ, ಬಿಡಾರ ಹತ್ತಿರದಲ್ಲಿರಬೇಕು.